ಒಂದು ಕೆ.ಜಿ. ಮೈಲುತುತ್ತಕ್ಕೆ ಎಷ್ಟು ಸುಣ್ಣ?

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಸಂಘಟಕರು ಕೊಟ್ಟಿದ್ದ ವಿಷಯ "ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಅವಕಾಶಗಳು" ಎಂಬುದು. ಅದರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಅವರನ್ನು ಕೇಳಿಕೊಂಡು ಬೇರೆ ವಿಷಯ ತೆಗೆದುಕೊಂಡಿದ್ದೇನೆ. ಹತ್ತನೇ ತರಗತಿಯ ಮಕ್ಕಳು ಮನೆಗೆಲಸದಲ್ಲಿ ಬಿಟ್ಟು ಬರುವ ಒಂದು ಲೆಕ್ಕದ ಬಗ್ಗೆ ಮಾತಾಡುತ್ತೇನೆ. "ಇಷ್ಟು ಗ್ರಾಂ ಈ ವಸ್ತುವಿನ ಜೊತೆ ಪೂರ್ತಿಯಾಗಿ ವರ್ತಿಸಲು ಆ ವಸ್ತು ಎಷ್ಟು ಗ್ರಾಂ ಬೇಕು?" ಎಂದು ಕೇಳುವ ಲೆಕ್ಕ ಅದು. ವಿಜ್ಞಾನ ಎಂದರೆ ಹೆದರುವ ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಹೆದರಿಕೆ ಶುರುವಾಗುವುದು ಈ ಜಾಗದಲ್ಲಿ. ಪಿ.ಯು.ಸಿ.ಗೆ ಹೋದ ಮೇಲೆ ಇದೇ ಲೆಕ್ಕ ಇಂಗ್ಲಿಷಿನಲ್ಲಿ ಬರುತ್ತದೆ. ಆಗ ಕೆಲವರು "ಇದು ನಮಗಲ್ಲ" ಎಂದು ವಿಜ್ಞಾನವನ್ನೇ ಬಿಡುತ್ತಾರೆ. ನನ್ನ ಜೊತೆ ಓದಿದ ಇಬ್ಬರು ಹಾಗೆ ಬಿಟ್ಟರು. ಇಬ್ಬರೂ ನನಗಿಂತ ಚುರುಕಾಗಿದ್ದವರು. ಅದಕ್ಕೇ ಈ ವಿಷಯ.

ಇನ್ನೊಂದು ಕಾರಣವೂ ಇದೆ. ಈ ಲೆಕ್ಕ ಪುಸ್ತಕದಲ್ಲಿ ಮಾತ್ರ ಇರುವುದಲ್ಲ. ನಮ್ಮ ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟಗಳಲ್ಲಿ, ಹೊಸದುರ್ಗ ಹಿರಿಯೂರು ಕಡೆಯ ದಾಳಿಂಬೆ ತೋಟಗಳಲ್ಲಿ, ಪ್ಲಾಸ್ಟಿಕ್ ಡ್ರಮ್ಮಿನ ಮುಂದೆ ನಿಂತು ನಮ್ಮ ಹಿರಿಯರು ಪ್ರತಿ ವರ್ಷ ಮಾಡುವ ಲೆಕ್ಕವೇ ಇದು. ಅದರ ಹೆಸರು ಬೋರ್ಡೋ ದ್ರಾವಣ.

ಗೊತ್ತಿಲ್ಲದ ಮಕ್ಕಳಿಗೆ ಎರಡು ಮಾತು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಇದಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಎನ್ನುತ್ತಾರೆ. ನೀರು 10 ಲೀಟರಿಗೆ ಇಳಿಸಿದರೆ ಅದು ಕಾಂಡಕ್ಕೆ ಹಚ್ಚುವ ಬೋರ್ಡೋ ಮುಲಾಮು. ದಾಳಿಂಬೆಯಲ್ಲಿ ಚಾಟ್ನಿ ಮಾಡಿದ ಮೇಲೆ ದುಂಡಾಣು ಅಂಗಮಾರಿ ಬಾರದಿರಲಿ ಎಂದು ಹೊಡೆಯುತ್ತಾರೆ. ಅಡಿಕೆಯಲ್ಲಿ ಕೊಳೆ ರೋಗಕ್ಕೆ ಹೊಡೆಯುತ್ತಾರೆ. ಕೊಳೆ ಮಲೆನಾಡಿನಷ್ಟು ನಮ್ಮಲ್ಲಿಲ್ಲ, ಆದರೂ ಮಳೆ ಹಿಡಿದು ಕೂತ ವರ್ಷ ನಮ್ಮವರಿಗೂ ಇದರ ನೆನಪಾಗುತ್ತದೆ.

ಈ ದ್ರಾವಣಕ್ಕೆ ಒಂದು ಕಥೆ ಇದೆ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ತೋಟಗಳು. ರಸ್ತೆ ಪಕ್ಕದ ಬಳ್ಳಿಗಳಿಂದ ದಾರಿಹೋಕರು ಹಣ್ಣು ಕಿತ್ತು ತಿನ್ನುತ್ತಿದ್ದರು. ನಮ್ಮೂರಲ್ಲಿ ರಸ್ತೆ ಪಕ್ಕದ ಮಾವಿನ ಮರಕ್ಕೆ ಆಗುವ ಗತಿಯೇ ಅಲ್ಲಿಯೂ. ತೋಟದವರು ಮೈಲುತುತ್ತ ಮತ್ತು ಸುಣ್ಣ ಕಲಸಿ ಆ ಸಾಲುಗಳಿಗೆ ಎರಚಿದರು. ನೀಲಿ ಬಣ್ಣ ನೋಡಿ ವಿಷ ಎಂದು ಜನ ಮುಟ್ಟಲಿಲ್ಲ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಆ ದಾರಿಯಲ್ಲಿ ಹೋಗುವಾಗ ಒಂದು ವಿಷಯ ಗಮನಿಸಿದರು. ತೋಟದ ಉಳಿದ ಬಳ್ಳಿಗಳ ಎಲೆ ಬೂಜು ರೋಗಕ್ಕೆ ಉದುರಿ ಹೋಗಿದ್ದವು. ನೀಲಿ ಎರಚಿದ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿ ಉಳಿದಿತ್ತು. ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಅವರು ಅದನ್ನು ಪ್ರಕಟಿಸಿದರು.

ಅಲ್ಲಿಂದ ನಮ್ಮ ಕಡೆಗೆ ಬರಲು ಬಹಳ ಕಾಲ ಹಿಡಿಯಲಿಲ್ಲ. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆಯಿಂದ ಸೋತು ಹೋಗಿದ್ದ ಕಾಲ ಅದು. ಕೋಲ್ಮನ್ ಆ ರೋಗ ತರುವ ಶಿಲೀಂಧ್ರವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ವರದಿ ಬರೆದರು. ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಹೊಡೆಯುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ಬಳಕೆಗೆ ತಂದರು. ಅಂದರೆ ಈ ನೀಲಿ ನೀರು ನಮ್ಮ ರಾಜ್ಯದ ಅಡಿಕೆ ಮರ ಹತ್ತಿ ನೂರು ವರ್ಷದ ಮೇಲಾಯಿತು.

ಈಗ ಲೆಕ್ಕಕ್ಕೆ ಬರೋಣ.

ಕಳೆದ ವರ್ಷ ಹಬ್ಬಕ್ಕೆ ಊರಿಗೆ ಬಂದಾಗ ನಮ್ಮ ದೊಡ್ಡಪ್ಪನ ಮೊಮ್ಮಗಳು ಪುಸ್ತಕ ಹಿಡಿದು ಜಗಲಿಗೆ ಬಂದಳು. ಹತ್ತನೇ ತರಗತಿ. "ಚಿಕ್ಕಪ್ಪ, ಇದೊಂದು ಲೆಕ್ಕ ಹೇಳಿಕೊಡಿ" ಎಂದಳು. ಅವರ ಶಿಕ್ಷಕರು ಬಹಳ ಚೆನ್ನಾದ ಲೆಕ್ಕ ಕೊಟ್ಟಿದ್ದರು. "1 ಕೆ.ಜಿ. ಮೈಲುತುತ್ತದ ಹರಳಿನ ಜೊತೆ ಪೂರ್ತಿಯಾಗಿ ವರ್ತಿಸಲು ಎಷ್ಟು ಅರಳಿದ ಸುಣ್ಣ ಬೇಕು?" ಇಬ್ಬರೂ ಕೂತು ಮಾಡಿದೆವು. ಉತ್ತರ ಬಂದದ್ದು ಸುಮಾರು 297 ಗ್ರಾಂ.

ಪಕ್ಕದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದ ದೊಡ್ಡಪ್ಪ ನಕ್ಕುಬಿಟ್ಟರು. "ಮೂವತ್ತು ವರ್ಷದಿಂದ ಒಂದು ಕೆ.ಜಿ.ಗೆ ಒಂದು ಕೆ.ಜಿ. ಸುಣ್ಣ ಹಾಕ್ತಾ ಬಂದೀವಿ. ನಿಮ್ಮ ಪುಸ್ತಕ ಕಾಲು ಕೆ.ಜಿ. ಚಿಲ್ಲರೆ ಅಂತದೆ. ಹಂಗೇ ಹಾಕಿದ್ರೆ ತೋಟ ಉಳೀತದೇನಪ್ಪ?" ಎಂದರು.

ಮಗುವಿನ ಮುಖ ಸಪ್ಪಗಾಯಿತು. ಪುಸ್ತಕ ಸರಿಯೋ, ತಾತ ಸರಿಯೋ? ನಾನು ಹೇಳಿದೆ, ಇಬ್ಬರೂ ಸರಿ. ಅದು ಹೇಗೆ ಎನ್ನುವುದೇ ಇವತ್ತಿನ ನನ್ನ ಮಾತು.

ಮೊದಲು ಪುಸ್ತಕ ಹೇಗೆ ಸರಿ ಎಂದು ನೋಡೋಣ. ಇದಕ್ಕೆ ರಸಾಯನಶಾಸ್ತ್ರಕ್ಕಿಂತ ಮುಂಚೆ ತಾಂಬೂಲದ ಲೆಕ್ಕ ಮಾಡೋಣ.

ಮನೆಯಲ್ಲಿ ಮದುವೆ. ಬಂದವರಿಗೆಲ್ಲ ಎರಡು ಎಲೆ, ಒಂದು ಅಡಿಕೆ ಇಟ್ಟು ತಾಂಬೂಲ ಕೊಡಬೇಕು. ಎಲೆಯನ್ನು ಎಣಿಸಿ ಮಾರುತ್ತಾರೆ, ಅಡಿಕೆಯನ್ನು ತೂಗಿ ಮಾರುತ್ತಾರೆ. ನಿಮ್ಮ ಹತ್ತಿರ 1 ಕೆ.ಜಿ. ಅಡಿಕೆ ಇದೆ. ಅಷ್ಟಕ್ಕೂ ಸರಿಹೋಗಲು ಎಷ್ಟು ತೂಕದ ಎಲೆ ಬೇಕು? "ಎರಡಕ್ಕೆ ಒಂದು, ಆದ್ದರಿಂದ 2 ಕೆ.ಜಿ. ಎಲೆ" ಎಂದು ಯಾರಾದರೂ ಹೇಳಿದರೆ ನಮ್ಮ ಅಜ್ಜಿಯಂದಿರು ನಗುತ್ತಾರೆ. ಎರಡಕ್ಕೆ ಒಂದು ಎನ್ನುವುದು ಎಣಿಕೆಯ ಮಾತು, ತೂಕದ ಮಾತಲ್ಲ. ಒಂದು ಅಡಿಕೆ 8 ಗ್ರಾಂ, ಒಂದು ಎಲೆ 2 ಗ್ರಾಂ ಎಂದು ಇಟ್ಟುಕೊಳ್ಳಿ. 1000 ಗ್ರಾಂ ಅಡಿಕೆ ಎಂದರೆ 125 ಅಡಿಕೆ. 125 ಅಡಿಕೆಗೆ 250 ಎಲೆ. 250 ಎಲೆ ಎಂದರೆ 500 ಗ್ರಾಂ. ಅಲ್ಲಿಗೆ ಮುಗಿಯಿತು.

ಮಕ್ಕಳೇ, ನಾವು ಮಾಡಿದ್ದು ಏನು? ಮೊದಲು ತೂಕದಿಂದ ಎಣಿಕೆಗೆ ಹೋದೆವು. ಎಣಿಕೆಯಲ್ಲಿ ಜೋಡಿ ಮಾಡಿದೆವು. ಆಮೇಲೆ ಎಣಿಕೆಯಿಂದ ತೂಕಕ್ಕೆ ವಾಪಸ್ ಬಂದೆವು. ರಾಸಾಯನಿಕ ಸಮೀಕರಣದ ಲೆಕ್ಕವೂ ಪೂರ್ತಿ ಇಷ್ಟೇ. ಸಮೀಕರಣದಲ್ಲಿ ಬರೆದಿರುವುದು ಎಣಿಕೆ. ನೀರು ಆಗಲು ಎರಡು ಹೈಡ್ರೋಜನ್ ಅಣುವಿಗೆ ಒಂದು ಆಕ್ಸಿಜನ್ ಅಣು ಎಂದು ಸಮೀಕರಣ ಹೇಳುತ್ತದೆ. ತೂಗಿ ನೋಡಿದರೆ 1 ಗ್ರಾಂ ಹೈಡ್ರೋಜನ್ನಿಗೆ 8 ಗ್ರಾಂ ಆಕ್ಸಿಜನ್ ಬೇಕು. ಎಣಿಕೆಯಲ್ಲಿ ಹೈಡ್ರೋಜನ್ ಹೆಚ್ಚು, ತೂಕದಲ್ಲಿ ಆಕ್ಸಿಜನ್ ಹೆಚ್ಚು. ತಕ್ಕಡಿಯಿಂದ ನೇರವಾಗಿ ತಕ್ಕಡಿಗೆ ಹಾರಲು ಹೋದವರು ಇಲ್ಲಿ ಬೀಳುತ್ತಾರೆ.

ಹಾಗಾದರೆ ಅಣುಗಳನ್ನು ಎಣಿಸುವುದು ಹೇಗೆ? ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಕ್ಕುವುದಿಲ್ಲ. ಅದಕ್ಕೇ ಪರಮಾಣು ರಾಶಿ ಎಂಬ ಪಟ್ಟಿ ಇರುವುದು. ತಾಮ್ರ 63.5, ಕ್ಯಾಲ್ಸಿಯಂ 40, ಗಂಧಕ 32, ಆಕ್ಸಿಜನ್ 16, ಹೈಡ್ರೋಜನ್ 1. ಈ ಸಂಖ್ಯೆಗಳ ಮುಂದೆ ಗ್ರಾಂ ಎಂದು ಬರೆದುಕೊಳ್ಳಿ. 63.5 ಗ್ರಾಂ ತಾಮ್ರದಲ್ಲಿ ಎಷ್ಟು ಪರಮಾಣು ಇವೆಯೋ 40 ಗ್ರಾಂ ಕ್ಯಾಲ್ಸಿಯಂನಲ್ಲೂ ಅಷ್ಟೇ ಇವೆ. ಆ ಸಂಖ್ಯೆ 6.022 × 10²³. ಅಷ್ಟು ಸೇರಿದರೆ ಒಂದು ಮೋಲ್. ಬಾಳೆಹಣ್ಣಿಗೆ ಡಜನ್ ಇದ್ದ ಹಾಗೆ ಅಣುವಿಗೆ ಮೋಲ್. ಡಜನ್ ಎಂದರೆ ಹೆದರದ ನಾವು ಮೋಲ್ ಎಂದರೆ ಯಾಕೆ ಹೆದರಬೇಕು?

ಈಗ ನಮ್ಮ ಡ್ರಮ್ಮಿನ ಲೆಕ್ಕ. ಮೈಲುತುತ್ತದ ಹರಳು ಎಂದರೆ ತಾಮ್ರದ ಸಲ್ಫೇಟ್, ಅದರೊಳಗೆ ಐದು ನೀರಿನ ಅಣು. ತಾಮ್ರ 63.5, ಗಂಧಕ 32, ನಾಲ್ಕು ಆಕ್ಸಿಜನ್ 64, ಐದು ನೀರು 90. ಒಟ್ಟು 249.5. ಅರಳಿದ ಸುಣ್ಣ ಎಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಕ್ಯಾಲ್ಸಿಯಂ 40, ಎರಡು ಹೈಡ್ರಾಕ್ಸೈಡ್ 34. ಒಟ್ಟು 74.

ಎರಡೂ ಬೆರೆತಾಗ ಒಂದಕ್ಕೆ ಒಂದು ಜೋಡಿ. ತಾಮ್ರ ಹೋಗಿ ಹೈಡ್ರಾಕ್ಸೈಡನ್ನು ಹಿಡಿಯುತ್ತದೆ, ಕ್ಯಾಲ್ಸಿಯಂ ಹೋಗಿ ಸಲ್ಫೇಟನ್ನು ಹಿಡಿಯುತ್ತದೆ. ಪುಸ್ತಕದಲ್ಲಿ ಇದಕ್ಕೆ ದ್ವಿಸ್ಥಾನಪಲ್ಲಟ ಎಂಬ ಹೆಸರಿದೆ. ನಿಜವಾದ ಡ್ರಮ್ಮಿನಲ್ಲಿ ಆಗುವುದು ಇದಕ್ಕಿಂತ ಸ್ವಲ್ಪ ಜಟಿಲ. ಸುಣ್ಣ ಕಡಿಮೆಯಿದ್ದರೆ ತಾಮ್ರದ ಸಲ್ಫೇಟ್ ಮತ್ತು ಹೈಡ್ರಾಕ್ಸೈಡ್ ಬೆರೆತ ಲವಣಗಳೂ ಆಗುತ್ತವೆ. ಮನೆಗೆಲಸಕ್ಕೆ ಮೇಲಿನ ಸಮೀಕರಣ ಸಾಕು.

1000 ಗ್ರಾಂ ಮೈಲುತುತ್ತವನ್ನು 249.5ರಿಂದ ಭಾಗಿಸಿ. ಸುಮಾರು 4 ಮೋಲ್. ಒಂದಕ್ಕೆ ಒಂದು, ಆದ್ದರಿಂದ ಸುಣ್ಣವೂ 4 ಮೋಲ್. 4 ಮೋಲನ್ನು 74ರಿಂದ ಗುಣಿಸಿದರೆ 296. ದಶಾಂಶ ಬಿಡದೆ ಮಾಡಿದರೆ ಸುಮಾರು 297 ಗ್ರಾಂ. ನೀರು ಹಾಕದ ಸುಟ್ಟ ಸುಣ್ಣವಾದರೆ ಅದರ ರಾಶಿ 56. ಆಗ 224 ಗ್ರಾಂ ಸಾಕು. ಪುಸ್ತಕದ ಉತ್ತರ ಇಷ್ಟು.

ತಾಳೆ ನೋಡುವುದು ಹೇಗೆ? ಬೆರೆಸಿದ್ದು 249.5 ಮತ್ತು 74, ಒಟ್ಟು 323.5. ಬಂದದ್ದು ತಾಮ್ರದ ಹೈಡ್ರಾಕ್ಸೈಡ್ 97.5, ಕ್ಯಾಲ್ಸಿಯಂ ಸಲ್ಫೇಟ್ 136, ನೀರು 90. ಕೂಡಿಸಿ, ಮತ್ತೆ 323.5. ರಾಶಿ ಸಂರಕ್ಷಣಾ ನಿಯಮ ಎಂದು ಬಾಯಿಪಾಠ ಮಾಡುತ್ತೇವಲ್ಲ, ಅದು ನಮ್ಮ ಹಿರಿಯರು ಜಮಾ ಖರ್ಚು ತಾಳೆ ನೋಡಿದ ಹಾಗೆ. ಎರಡು ಕಡೆಯೂ ಸಮ ಬಾರದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದು ಶಿಕ್ಷಕರು ಹೇಳುವ ಮುಂಚೆ ನಿಮಗೇ ಗೊತ್ತಾಗುತ್ತದೆ.

ಇಲ್ಲಿ ಇನ್ನೊಂದು ಹೆಸರು ಹೇಳಬೇಕು. ಜೋಸೆಫ್ ಪ್ರೂಸ್ಟ್ ಎಂಬ ಫ್ರಾನ್ಸಿನ ರಸಾಯನಶಾಸ್ತ್ರಜ್ಞ. ಒಂದು ಸಂಯುಕ್ತದಲ್ಲಿ ಧಾತುಗಳು ಯಾವಾಗಲೂ ಒಂದೇ ತೂಕದ ಪ್ರಮಾಣದಲ್ಲಿ ಸೇರುತ್ತವೆ ಎಂದು 1799ರಲ್ಲಿ ಆತ ಹೇಳಿದ್ದು ತಾಮ್ರದ ಕಾರ್ಬೋನೇಟನ್ನು ಪರೀಕ್ಷೆ ಮಾಡಿ. ಭೂಮಿಯಿಂದ ತೆಗೆದದ್ದಾಗಲಿ, ತಾನೇ ತಯಾರಿಸಿದ್ದಾಗಲಿ, ಪ್ರಮಾಣ ಒಂದೇ. ಪಾಠದಲ್ಲಿ ಬರುವ ಸ್ಥಿರಾನುಪಾತ ನಿಯಮ ಅದೇ. ಆ ನಿಯಮ ಇರುವುದರಿಂದಲೇ ಹೊಳಲ್ಕೆರೆಯ ಅಂಗಡಿಯಲ್ಲಿ ಕೊಂಡ ಶುದ್ಧ ಮೈಲುತುತ್ತಕ್ಕೂ ಬೋರ್ಡೋದಲ್ಲಿ ಕೊಂಡದ್ದಕ್ಕೂ ಒಂದೇ ಲೆಕ್ಕ ನಡೆಯುತ್ತದೆ.

ಈಗ ದೊಡ್ಡಪ್ಪ ಹೇಗೆ ಸರಿ ಎಂದು ನೋಡೋಣ.

ಪುಸ್ತಕದ ಲೆಕ್ಕದಲ್ಲಿ ಒಂದು ಮಾತು ಅಡಗಿದೆ. "ಶುದ್ಧವಾದ" ಎಂಬ ಮಾತು. ಸಂತೆಯಲ್ಲಿ ತಂದ ಸುಣ್ಣ ಶುದ್ಧವಾಗಿರುವುದಿಲ್ಲ. ಅದರಲ್ಲಿ ಬೇಯದ ಕಲ್ಲು ಇರುತ್ತದೆ, ಮಣ್ಣು ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಸುಣ್ಣ ಇಟ್ಟಲ್ಲೇ ಕೆಡುತ್ತದೆ. ಹತ್ತನೇ ತರಗತಿಯ ವಿಜ್ಞಾನದ ಮೊದಲ ಪಾಠದಲ್ಲೇ ಇದು ಇದೆ. ಗೋಡೆಗೆ ಸುಣ್ಣ ಬಳಿದ ಎರಡು ಮೂರು ದಿನಕ್ಕೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗಿ, ಬೆಳ್ಳಗೆ ಹೊಳೆಯುತ್ತದೆ ಎಂದು ಓದಿದ್ದೀರಿ. ಗೋಡೆಯ ಮೇಲೆ ಅದು ಒಳ್ಳೆಯದು. ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಆದರೆ ನಷ್ಟ. ಸುಣ್ಣ ಮತ್ತೆ ಸುಣ್ಣದ ಕಲ್ಲಿನ ಪುಡಿಯಾಗುತ್ತದೆ.

ಇದರಲ್ಲಿ ಒಂದು ಮೋಸ ಇದೆ, ಗಮನಿಸಿ. 74 ಗ್ರಾಂ ಅರಳಿದ ಸುಣ್ಣ ಪೂರ್ತಿ ಕೆಟ್ಟರೆ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ. ಅಂದರೆ 1 ಕೆ.ಜಿ. ಒಳ್ಳೆ ಸುಣ್ಣ ಕೆಟ್ಟು ಸುಮಾರು 1 ಕೆ.ಜಿ. 350 ಗ್ರಾಂ ಆಗುತ್ತದೆ. ಶಕ್ತಿ ಹೋಗುತ್ತದೆ, ತೂಕ ಹೆಚ್ಚುತ್ತದೆ! ತಕ್ಕಡಿಯನ್ನು ಮಾತ್ರ ನಂಬಿದವನಿಗೆ ಇದು ಗೊತ್ತಾಗುವುದೇ ಇಲ್ಲ.

ನಮ್ಮ ದೊಡ್ಡಪ್ಪನ ತೋಟದಲ್ಲೇ ಒಂದು ವರ್ಷ ಹೀಗಾಯಿತು. ಹಿಂದಿನ ವರ್ಷ ಉಳಿದಿದ್ದ ಸುಣ್ಣದ ಚೀಲ ಕೊಟ್ಟಿಗೆಯಲ್ಲಿ ಬಾಯಿ ತೆರೆದು ಬಿದ್ದಿತ್ತು. ಕೆಲಸಕ್ಕೆ ಬಂದವರು ಅದನ್ನೇ ತೂಗಿ, ಒಂದಕ್ಕೆ ಒಂದು ಎಂದು ಸರಿಯಾಗಿಯೇ ಹಾಕಿದರು. ವಾರದಲ್ಲಿ ದಾಳಿಂಬೆಯ ಚಿಗುರೆಲೆಯ ಅಂಚು ಸುಟ್ಟ ಹಾಗೆ ಕಂದಾಯಿತು. ಅರ್ಧ ಎಕರೆಯ ಚಿಗುರು ಹಿಂದೆ ಬಿತ್ತು. "ತಕ್ಕಡಿ ಸರಿ ಇತ್ತು ಕಣಪ್ಪ, ಸುಣ್ಣ ಸರಿ ಇರಲಿಲ್ಲ" ಎಂದು ದೊಡ್ಡಪ್ಪ ಈಗಲೂ ಹೇಳುತ್ತಾರೆ.

ಅದನ್ನು ಲೆಕ್ಕದಲ್ಲಿ ನೋಡಿ. ಆ 1 ಕೆ.ಜಿ. ಸುಣ್ಣದಲ್ಲಿ ಜೀವ ಇದ್ದದ್ದು 200 ಗ್ರಾಂ ಮಾತ್ರ ಎಂದು ಇಟ್ಟುಕೊಳ್ಳೋಣ. 200ನ್ನು 74ರಿಂದ ಭಾಗಿಸಿ 249.5ರಿಂದ ಗುಣಿಸಿದರೆ 674 ಗ್ರಾಂ. ಅಷ್ಟು ಮೈಲುತುತ್ತ ಸುಣ್ಣದ ಜೊತೆ ಸೇರಿತು. ಉಳಿದ 326 ಗ್ರಾಂ ಹಾಗೇ ನೀರಿನಲ್ಲಿ ಕರಗಿ ಉಳಿಯಿತು. ಕಲ್ಲಾದ ಸುಣ್ಣ ಅದನ್ನು ಅಷ್ಟು ಬೇಗ ಹಿಡಿಯುವುದಿಲ್ಲ. ಕರಗಿ ಉಳಿದ ತಾಮ್ರ ಶಿಲೀಂಧ್ರವನ್ನೂ ಸುಡುತ್ತದೆ, ಎಲೆಯನ್ನೂ ಸುಡುತ್ತದೆ. ಸುಣ್ಣದ ಜೊತೆ ಸೇರಿ ತಿಳಿನೀಲಿ ಗಸಿಯಾದ ತಾಮ್ರವಾದರೆ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಎಲೆಗೆ ಅಂಟಿಕೊಂಡು ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗಿ ಕಾಯುತ್ತದೆ. ವಿಷ ಮದ್ದಾಗುವುದು ಸುಣ್ಣದ ಪ್ರಮಾಣದಿಂದ.

ಹಾಗಾಗಿ ನಮ್ಮ ಹಿರಿಯರು 297 ಗ್ರಾಂ ಸಾಕಾದ ಕಡೆ 1 ಕೆ.ಜಿ. ಹಾಕುವುದು ದಂಡವಲ್ಲ. ಸುಣ್ಣ ಮೂರರಲ್ಲಿ ಎರಡು ಪಾಲು ಕೆಟ್ಟಿದ್ದರೂ ತೋಟ ಉಳಿಯಲಿ ಎಂದು ಬಿಟ್ಟ ಅಂತರ ಅದು. ಇಂಜಿನಿಯರಿಂಗ್ ಓದುವಾಗ ನಮಗೆ ಸುರಕ್ಷತಾ ಗುಣಾಂಕ ಎಂದು ಕಲಿಸಿದರು. ಸೇತುವೆ 10 ಟನ್ ಹೊರಬೇಕಿದ್ದರೆ ಅದಕ್ಕಿಂತ ಬಹಳ ಹೆಚ್ಚು ಹೊರುವಂತೆ ಕಟ್ಟುತ್ತಾರೆ. ಅದನ್ನೇ ನಮ್ಮ ರೈತರು ಸುಣ್ಣದಲ್ಲಿ ಮಾಡಿದ್ದಾರೆ.

ಆದರೆ ಹೆಚ್ಚು ಹಾಕಿದರೆ ಹೆಚ್ಚು ಮದ್ದು ಆಗುತ್ತದೆಯೇ? ಇಲ್ಲ. 1 ಕೆ.ಜಿ. ಮೈಲುತುತ್ತದಲ್ಲಿ ತಾಮ್ರ ಇರುವುದೇ 254 ಗ್ರಾಂ ಚಿಲ್ಲರೆ. ಸುಣ್ಣ 2 ಕೆ.ಜಿ. ಹಾಕಿ, 5 ಕೆ.ಜಿ. ಹಾಕಿ, ತಾಮ್ರ ಒಂದು ಗ್ರಾಂ ಹೆಚ್ಚುವುದಿಲ್ಲ. 125 ಅಡಿಕೆ ಇದ್ದರೆ, ಎಲೆ ಸಾವಿರ ತಂದರೂ ತಾಂಬೂಲ 125ಕ್ಕಿಂತ ಹೆಚ್ಚು ಆಗದು. ಯಾವುದು ಮೊದಲು ಮುಗಿಯುತ್ತದೋ ಅದೇ ಮಿತಿ ಹಾಕುತ್ತದೆ. ಪಿ.ಯು.ಸಿ.ಯಲ್ಲಿ ಮಿತಿಕಾರಿ ಪ್ರತಿವರ್ತಕ ಎಂದು ಒಂದು ಪಾಠವೇ ಬರುತ್ತದೆ. ಅದು ಬಂದಾಗ ಈ ತಾಂಬೂಲದ ತಟ್ಟೆ ನೆನಪಿಸಿಕೊಳ್ಳಿ.

ಮೈಲುತುತ್ತ ಕೊಳ್ಳುವಾಗಲೂ ಇದೇ ಲೆಕ್ಕ ಬೇಕು. ನೀಲಿ ಹರಳಿನಲ್ಲಿ ನೂರಕ್ಕೆ 36 ಪಾಲು ನೀರೇ ಇದೆ. ಹರಳನ್ನು ಪ್ರಣಾಳದಲ್ಲಿ ಕಾಯಿಸಿದರೆ ನೀರು ಹೋಗಿ ಬಿಳಿಯಾಗುವ ಪ್ರಯೋಗ ನಿಮ್ಮ ಪುಸ್ತಕದಲ್ಲೇ ಇದೆ. ಪೂರ್ತಿ ನೀರು ಹೋದ ಬಿಳಿ ಪುಡಿಯ ರಾಶಿ 159.5. ಅದನ್ನು 1 ಕೆ.ಜಿ. ತೂಗಿದರೆ ಸುಮಾರು 1 ಕೆ.ಜಿ. 560 ಗ್ರಾಂ ಹರಳು ಹಾಕಿದಷ್ಟು ತಾಮ್ರ ಬೀಳುತ್ತದೆ. ಹೆಸರು ಒಂದೇ, ತೂಕ ಒಂದೇ, ಎಣಿಕೆ ಬೇರೆ.

ಇನ್ನು, ಸುಣ್ಣ ಸಾಕಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಇಲ್ಲಿ ನಮ್ಮ ಹಿರಿಯರಿಗೆ ನಾನು ಕೈ ಮುಗಿಯುತ್ತೇನೆ. ಡ್ರಮ್ಮಿನ ದ್ರಾವಣದಲ್ಲಿ ಉಜ್ಜಿದ ಕುಡುಗೋಲನ್ನೋ ಚಾಕುವನ್ನೋ ಒಂದು ನಿಮಿಷ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕಲೆ ಕೂತರೆ ಇನ್ನಷ್ಟು ಸುಣ್ಣ ಹಾಕುತ್ತಾರೆ. ಕಲೆ ಬಾರದಿದ್ದರೆ ಹೊಡೆಯಲು ಶುರು. ಮಕ್ಕಳೇ, ಇದು ನಿಮ್ಮ ಮೊದಲ ಪಾಠದ ಕಬ್ಬಿಣದ ಮೊಳೆಯ ಪ್ರಯೋಗವಲ್ಲದೆ ಬೇರೇನೂ ಅಲ್ಲ! ಮೈಲುತುತ್ತದ ನೀರಿನಲ್ಲಿ ಮೊಳೆ ಇಟ್ಟರೆ ಕಬ್ಬಿಣ ಕರಗಿ, ತಾಮ್ರ ಮೊಳೆಯ ಮೇಲೆ ಕೂರುತ್ತದೆ. ಡ್ರಮ್ಮಿನಲ್ಲಿ ಕರಗಿದ ತಾಮ್ರ ಉಳಿದಿದ್ದರೆ ಕುಡುಗೋಲು ಅದನ್ನು ಹಿಡಿದುಕೊಡುತ್ತದೆ. ಕಬ್ಬಿಣದ ಬಾನಿಯಲ್ಲಿ, ತಗಡಿನ ಡ್ರಮ್ಮಿನಲ್ಲಿ ಬೋರ್ಡೋ ಮಾಡಬಾರದು ಎನ್ನುವುದೂ ಇದಕ್ಕೇ. 56 ಗ್ರಾಂ ಕಬ್ಬಿಣ ತಿಂದು 63.5 ಗ್ರಾಂ ತಾಮ್ರ ಅಲ್ಲೇ ಕೂರುತ್ತದೆ. ಪಾತ್ರೆಯೂ ಹೋಯಿತು, ಮದ್ದೂ ಹೋಯಿತು.

ಪುಸ್ತಕ ಓದದ ಕೂಲಿಯಾಳು ಕುಡುಗೋಲು ಅದ್ದಿ ನೋಡುತ್ತಾನೆ. ಪರೀಕ್ಷೆಯಲ್ಲಿ ಆ ಪ್ರಯೋಗಕ್ಕೆ ಅಂಕ ತೆಗೆದ ಮಗು ಪಕ್ಕದಲ್ಲೇ ನಿಂತಿದ್ದರೂ ಎರಡೂ ಒಂದೇ ಎಂದು ಅದಕ್ಕೆ ತಿಳಿದಿರುವುದಿಲ್ಲ. ನನಗೆ ನೋವಾಗುವುದು ಇಲ್ಲಿ. ತೋಟದಲ್ಲಿರುವ ತಿಳಿವಳಿಕೆ ಶಾಲೆಗೆ ಬರುವುದಿಲ್ಲ, ಶಾಲೆಯ ಲೆಕ್ಕ ತೋಟಕ್ಕೆ ಹೋಗುವುದಿಲ್ಲ. ನಡುವೆ ಒಂದು ಬೇಲಿ.

ಆ ಬೇಲಿ ತೆಗೆದರೆ ಏನು ಲಾಭ? ಒಂದು ಉದಾಹರಣೆ ಹೇಳುತ್ತೇನೆ. 1000 ಲೀಟರ್ ದ್ರಾವಣ ಹೊಡೆದರೆ 10 ಕೆ.ಜಿ. ಮೈಲುತುತ್ತ, ಅಂದರೆ ಎರಡೂವರೆ ಕೆ.ಜಿ. ತಾಮ್ರ ತೋಟಕ್ಕೆ ಬಿತ್ತು. ತಾಮ್ರ ಧಾತು. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಎಲೆಯಿಂದ ತೊಳೆದು ಬಹುಪಾಲು ಮಣ್ಣಿನಲ್ಲೇ ಸೇರುತ್ತದೆ. ವರ್ಷಕ್ಕೆ ಎಷ್ಟು ಸಲ, ಎಷ್ಟು ವರ್ಷ ಎಂದು ಗುಣಿಸಿ ನೋಡಿ. ಹೆಚ್ಚಾದ ತಾಮ್ರ ಮಣ್ಣಿನ ಎರೆಹುಳಕ್ಕೂ ಸೂಕ್ಷ್ಮಜೀವಿಗಳಿಗೂ ಒಳ್ಳೆಯದಲ್ಲ. "ಪಕ್ಕದ ತೋಟದವರು ಹೊಡೆದರು, ನಾವೂ ಒಂದು ಸಲ ಹೆಚ್ಚಿಗೆ ಹೊಡೆಯೋಣ" ಎನ್ನುವ ಮುಂಚೆ ಮನೆಯ ಮಗಳು ಈ ಲೆಕ್ಕವನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದರೆ ಅಪ್ಪ ಒಂದು ಸಲ ಯೋಚಿಸುತ್ತಾನೆ. ಯಾವ ಬೆಳೆಗೆ, ಯಾವ ಹಂತದಲ್ಲಿ, ಎಷ್ಟು ಗಾಢ ಎಂಬುದನ್ನು ತೋಟಗಾರಿಕೆ ಇಲಾಖೆಯವರನ್ನೋ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿ. ಕೇಳಿದ ಮೇಲೆ ಅವರು ಹೇಳಿದ ಅಂಕಿ ನಿಮಗೆ ಅರ್ಥವಾಗಬೇಕಲ್ಲ, ಅದಕ್ಕೆ ಈ ಪಾಠ.

ನನ್ನ ಕೆಲಸದ ಬಗ್ಗೆ ಒಂದೇ ಮಾತು ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಸಂಘಟಕರು ಬೇಸರ ಮಾಡಿಕೊಳ್ಳುತ್ತಾರೆ. ಸಾಫ್ಟ್‌ವೇರ್ ಕೆಲಸದಲ್ಲಿ ರಸಾಯನಶಾಸ್ತ್ರ ಬರುವುದಿಲ್ಲ. ಆದರೆ ಈ ಲೆಕ್ಕ ಕಲಿಸಿದ ಅಭ್ಯಾಸ ದಿನವೂ ಬರುತ್ತದೆ. ಸಂಖ್ಯೆಯ ಮುಂದೆ ಅದು ಯಾವುದರ ಸಂಖ್ಯೆ ಎಂದು ಬರೆಯುವುದು. ಗ್ರಾಂ ಇದೆಯೋ, ಮೋಲ್ ಇದೆಯೋ, ಲೀಟರ್ ಇದೆಯೋ? 1999ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಮಂಗಳ ಗ್ರಹಕ್ಕೆ ಕಳಿಸಿದ ಒಂದು ನೌಕೆ ನಾಶವಾಯಿತು. ಒಂದು ಕಡೆಯ ಸಾಫ್ಟ್‌ವೇರ್ ಬಲವನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತು, ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಎಂದು ತಿಳಿದರು. ಸಂಖ್ಯೆ ಇತ್ತು, ಮಾನ ಬೇರೆಯಾಗಿತ್ತು. ಅಷ್ಟು ದೊಡ್ಡವರಿಗೂ ಈ ಪಾಠ ಬೇಕು. ಮಾನ ಬರೆಯದಿದ್ದರೆ ಅರ್ಧ ಅಂಕ ಕಳೆಯುವ ನಮ್ಮ ಶಿಕ್ಷಕರ ಮೇಲೆ ಕೋಪ ಮಾಡಿಕೊಳ್ಳಬೇಡಿ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಇಂಥ ಲೆಕ್ಕಗಳನ್ನು ಊರಿನಿಂದ ತೆಗೆದುಕೊಡಿ. ಸುಣ್ಣ, ಮೈಲುತುತ್ತ, ಯೂರಿಯಾ, ಅಡುಗೆ ಸೋಡಾ, ಕೊಳವೆಬಾವಿಯ ಗಡಸು ನೀರು, ಎಲ್ಲದರಲ್ಲೂ ಸಮೀಕರಣ ಇದೆ. ಹೊಸ ಸುಣ್ಣವನ್ನೂ ಹಳೆಯ ಸುಣ್ಣವನ್ನೂ ತರಿಸಿ, ಎರಡಕ್ಕೂ ನಿಂಬೆರಸ ಹಿಂಡಿಸಿ. ಕೆಟ್ಟ ಸುಣ್ಣ ಬುರುಬುರು ನೊರೆ ಬರುತ್ತದೆ, ಒಳ್ಳೆ ಸುಣ್ಣದಲ್ಲಿ ಅಷ್ಟು ಬರುವುದಿಲ್ಲ. ಬಿಡುಗಡೆಯಾದ ಅನಿಲ ಯಾವುದು ಎಂದು ಕೇಳಿ. ಆಮೇಲೆ ಲೆಕ್ಕ ಕೊಡಿ. ನಮ್ಮ ಬ್ಯಾಚಿನವರು ಸೇರಿ ಪ್ರಯೋಗಾಲಯಕ್ಕೆ ಒಂದು ಡಿಜಿಟಲ್ ತಕ್ಕಡಿ ಕೊಡುತ್ತಿದ್ದೇವೆ. ಅದು ಬೀರುವಿನಲ್ಲಿ ಹೊಸದಾಗಿಯೇ ಉಳಿಯದಿರಲಿ. ಮಕ್ಕಳ ಕೈಯಲ್ಲಿ ಸವೆಯಲಿ.

ಪೋಷಕರಲ್ಲಿ ಒಂದು ವಿನಂತಿ. ಡ್ರಮ್ಮಿನ ಹತ್ತಿರ ಮಕ್ಕಳನ್ನು ಮದ್ದು ಹೊಡೆಯಲು ಕರೆಯಬೇಡಿ. ಪ್ರಮಾಣದ ಲೆಕ್ಕ ಮಾಡಲು ಕರೆಯಿರಿ. "100 ಲೀಟರಿಗೆ 1 ಕೆ.ಜಿ., ನಮ್ಮ ಪಂಪು 16 ಲೀಟರ್, ಎಷ್ಟು ಹಾಕಲಿ?" ಎಂದು ಕೇಳಿ. 160 ಗ್ರಾಂ ಎಂದು ಹೇಳಿದ ದಿನ ಆ ಮಗುವಿಗೆ ತನ್ನ ಓದಿನಿಂದ ಮನೆಗೆ ಉಪಯೋಗ ಇದೆ ಎಂದು ಗೊತ್ತಾಗುತ್ತದೆ. ಹೆಣ್ಣುಮಕ್ಕಳನ್ನೂ ಕೇಳಿ. ಜಗಲಿಯಲ್ಲಿ ನನಗೆ ಲೆಕ್ಕ ತಂದವಳು ಹುಡುಗಿಯೇ.

ಮಕ್ಕಳೇ, ನಿಮಗೆ ಒಂದು ಮನೆಗೆಲಸ. ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ಒಂದು ಕಾಲಕ್ಕೆ ತಾಮ್ರದ ಗಣಿ ನಡೆಯುತ್ತಿತ್ತು. ಅಲ್ಲಿನ ತಾಮ್ರದ ಮುಖ್ಯ ಖನಿಜ ಚಾಲ್ಕೋಪೈರೈಟ್. ಅದರ ಒಂದೊಂದು ಘಟಕದಲ್ಲಿ ಒಂದು ತಾಮ್ರ, ಒಂದು ಕಬ್ಬಿಣ, ಎರಡು ಗಂಧಕ. ತಾಮ್ರ 63.5, ಕಬ್ಬಿಣ 56, ಗಂಧಕ 32. ನಿಮ್ಮ ತಾತ ಡ್ರಮ್ಮಿಗೆ ಹಾಕುವ 1 ಕೆ.ಜಿ. ಮೈಲುತುತ್ತದಲ್ಲಿರುವ ತಾಮ್ರವನ್ನು ಪಡೆಯಲು ನಮ್ಮ ಜಿಲ್ಲೆಯ ಈ ಖನಿಜ, ಪೂರ್ತಿ ಶುದ್ಧವಾಗಿದ್ದರೆ, ಎಷ್ಟು ಗ್ರಾಂ ಬೇಕು? ತೂಕದಿಂದ ಎಣಿಕೆಗೆ, ಎಣಿಕೆಯಿಂದ ತೂಕಕ್ಕೆ. ಉತ್ತರ ನಾನು ಹೇಳುವುದಿಲ್ಲ. ಮುಂದಿನ ಸಲ ಊರಿಗೆ ಬಂದಾಗ ನಿಮ್ಮಿಂದಲೇ ಕೇಳುತ್ತೇನೆ, ಮಾನವನ್ನೂ ಸೇರಿಸಿ ಹೇಳಬೇಕು.